ಚಾರ್ಲ್ಸ್ ಡಾರ್ವಿನನೂ ಹವಳದ ದ್ವೀಪಗಳೂ

ದಿನದ ಪಾಠವನ್ನು ಪ್ರಾರ್ಥನೆಯಿಂದ ಆರಂಭಿಸುವ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಚಾರ್ಲ್ಸ್ ಡಾರ್ವಿನನ ಚರಿತ್ರೆಯು ಅಚ್ಚಾಗುವುದು ಉಚಿತವೇ ಎಂದು ನಮ್ಮ ವಿದ್ಯಾರ್ಥಿನಿಯರ ತಾಯಿತಂದೆಗಳಲ್ಲಿ ಕೆಲವರು ಕೇಳಬಹುದು. ಆತನ ಹೆಸರೆತ್ತಿದೊಡನೆ ಮನುಷ್ಯನೂ ಮಂಗನೂ ಎಂಬ ವಾದವೊಂದೇ ಬಹುಜನರ ನೆನಪಿಗೆ ಬರುವುದು. ಆ ವಾದಕ್ಕೆ ಕಾರಣವಾದ ಗ್ರಂಥವು 1859ರಲ್ಲಿ ಹೊರಬಿದ್ದಿತು. ಅದಕ್ಕೆ ಹದಿನೇಳು ವರ್ಷಗಳ ಮೊದಲೇ, 1842ರಲ್ಲಿ, ಆತನು ಹವಳದ ದಿಬ್ಬಗಳನ್ನು ಕುರಿತು ಚಿಕ್ಕದೊಂದು ಗ್ರಂಥವನ್ನು ಪ್ರಕಟಿಸಿದ್ದನೆಂಬುದು ಅಷ್ಟಾಗಿ ಪ್ರಸಿದ್ಧವಾಗಿಲ್ಲ. ಆ ಹವಳದ ಕಥೆಯನ್ನು ಅರಿಯದವರು ಡಾರ್ವಿನನನ್ನು ಅರಿತಂತೆಯೇ ಅಲ್ಲವೆಂದು ನನ್ನ ಅಭಿಪ್ರಾಯ. ಆದುದರಿಂದ ಆತನ ಜೀವಿತವನ್ನು ಆ ದಾರಿಯಿಂದಲೇ ಇಲ್ಲಿ ಹೇಳಲು ಯತ್ನಿಸುವೆನು.

ಚಾರ್ಲ್ಸ್ ರಾಬರ್ಟ್ ಡಾರ್ವಿನನು 1809ನೆಯ ಇಸವಿ ಫೆಬ್ರವರಿ 12ನೆಯ ತಾರೀಖಿನಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಹೆಸರುವಾಸಿಯಾದ ವೈದ್ಯನು. ಬಾಲಕನಿಗೆ ಎಂಟು ವರ್ಷವಾಗಿದ್ದಾಗ ತಾಯಿಯು ತೀರಿಹೋದಳು. ಅಕ್ಕಂದಿರೇ ಆತನನ್ನು ಸಾಕಿದರು. ಶಾಲೆಯಲ್ಲಿ ಆತನು ಸಾಧಾರಣ ಹುಡುಗನೆಂದೇ ಉಪಾಧ್ಯಾಯರು ಎಣಿಸಿದ್ದರು. ಗ್ರೀಕ್ ಲ್ಯಾಟಿನ್ ಪದ್ಯಗಳನ್ನು ಬಾಯಿಪಾಠ ಮಾಡಿ ಎರಡು ದಿನಗಳಲ್ಲಿ ಮರೆಯುವುದೇ ಅಲ್ಲಿಯ ವಿದ್ಯೆಯಾಗಿದ್ದಿತು. ಜೀರುಂಡೆಗಳನ್ನು ಕೂಡಿಸುವುದರಲ್ಲಿಯೂ ಬೇಟೆಯಲ್ಲಿಯೂ ಮಗನು ಕಾಲ ಕಳೆಯುವುದನ್ನು ಕಂಡು, ಇವನು ಮನೆತನಕ್ಕೆ ಅಪಕೀರ್ತಿ ತರುವನೆಂದು ತಂದೆಯು ಗದರಿಸಿದ್ದೂ ಉಂಟು. ಮಕ್ಕಳ ಅಂಕಪಟ್ಟಿಯನ್ನು ನೋಡಿ ಬಹು ಬೇಗನೆ ತೀರ್ಪು ಕೊಡುವ ಹಿರಿಯರು ನಮ್ಮಲ್ಲಿಯೂ ಇರುವುದರಿಂದ ಇದನ್ನು ಹೇಳಿದೆನು.

1825ರಲ್ಲಿ ವೈದ್ಯವಿದ್ಯೆಗಾಗಿ ಆತನನ್ನು ಎಡಿನ್‌ಬರೋ ನಗರಕ್ಕೆ ಕಳುಹಿಸಿದರು. ಮೈಮರೆಸುವ ಔಷಧಗಳಿಲ್ಲದ ಆ ಕಾಲದಲ್ಲಿ ಒಂದು ಮಗುವಿಗೆ ಶಸ್ತ್ರಚಿಕಿತ್ಸೆ ಮಾಡುವುದನ್ನು ನೋಡಲಾರದೆ ಆತನು ಹೊರಗೆ ಓಡಿಬಂದನು. ವೈದ್ಯನಾಗುವ ಆಶೆಯು ಅಲ್ಲಿಗೆ ಮುಗಿಯಿತು. ಆದರೆ ಅದೇ ಊರಿನ ಕಡಲ ತೀರದಲ್ಲಿ, ರಾಬರ್ಟ್ ಗ್ರಾಂಟ್ ಎಂಬ ವಿದ್ವಾಂಸನ ಜೊತೆಯಲ್ಲಿ, ಇಳಿತದ ಸಮಯದಲ್ಲಿ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಸಣ್ಣ ಜೀವಿಗಳನ್ನು ಹುಡುಕುವ ಅಭ್ಯಾಸವು ಆತನಿಗಾಯಿತು. ಪಾಚಿಯಂತೆ ಕಾಣುವ ಒಂದು ಕಡಲಜೀವಿಯ ಮೊಟ್ಟೆಗಳೆಂದು ಎಲ್ಲರೂ ತಿಳಿದಿದ್ದ ಕಣಗಳು ತಾವಾಗಿಯೇ ಚಲಿಸುವ ಮರಿಗಳೆಂದು ಕಂಡುಹಿಡಿದು, 1827ರಲ್ಲಿ ವಿದ್ಯಾರ್ಥಿಗಳ ಸಂಘವೊಂದರ ಮುಂದೆ ಅರಿಕೆಮಾಡಿದನು. ಆಗ ಆತನಿಗೆ ಹದಿನೆಂಟು ವರ್ಷ. ಗಿಡದಂತೆ ಕಂಡದ್ದು ಪ್ರಾಣಿಯಾಗಿರಬಹುದೆಂಬ ಈ ಪಾಠವು ಮುಂದೆ ಹವಳದ ವಿಷಯದಲ್ಲಿ ಆತನಿಗೆ ಒದಗಿಬಂತು.

ವೈದ್ಯನಾಗದ ಮಗನು ಪಾದ್ರಿಯಾದರೂ ಆಗಲೆಂದು ತಂದೆಯು ಕೇಂಬ್ರಿಜ್ಜಿಗೆ ಕಳುಹಿಸಿದನು. ಅಲ್ಲಿ ಸಸ್ಯಶಾಸ್ತ್ರವನ್ನು ಕಲಿಸುತ್ತಿದ್ದ ಹೆನ್ಸ್ಲೋ ಎಂಬವನು ಸ್ವತಃ ಪಾದ್ರಿಯು, ಭಕ್ತನು. ಬೀಗಲ್ ಎಂಬ ಸರ್ಕಾರಿ ಹಡಗು ದಕ್ಷಿಣ ಅಮೆರಿಕದ ಕರಾವಳಿಯನ್ನು ಅಳೆಯುವುದಕ್ಕೆ ಹೊರಟಾಗ, ಅದರ ನಾಯಕನಾದ ಫಿಟ್ಸ್‌ರಾಯನ ಜೊತೆಗಾರನಾಗಿಯೂ ನಿಸರ್ಗಶಾಸ್ತ್ರಜ್ಞನಾಗಿಯೂ ಹೋಗಲು ತಕ್ಕವನೆಂದು ಡಾರ್ವಿನನ ಹೆಸರನ್ನು ಸೂಚಿಸಿದವನು ಈ ಹೆನ್ಸ್ಲೋ. ತೊಂಬತ್ತು ಅಡಿ ಉದ್ದದ ಆ ಹಡಗು 1831ನೆಯ ಡಿಸೆಂಬರ್ 27ರಂದು ಇಂಗ್ಲೆಂಡಿನಿಂದ ಹೊರಟು, ಸುಮಾರು ಐದು ವರ್ಷಗಳ ಮೇಲೆ, 1836ನೆಯ ಅಕ್ಟೋಬರ್ 2ರಂದು ತಿರುಗಿ ಬಂದಿತು. ಪಾದ್ರಿಯಾಗುವ ಯೋಚನೆಯು ನಡುವೆಲ್ಲಿಯೋ ಸದ್ದಿಲ್ಲದೆ ಕಳೆದುಹೋಯಿತು.

ಇನ್ನು ಹವಳವೆಂದರೇನೆಂಬುದನ್ನು ಸ್ವಲ್ಪ ಹೇಳಬೇಕು. ನಮ್ಮ ಹೆಂಗಸರು ಸರದಲ್ಲಿ ಪೋಣಿಸಿಕೊಳ್ಳುವ ಕೆಂಪು ಹವಳವು ಭೂಮಧ್ಯ ಸಮುದ್ರದ ಒಂದು ಜಾತಿ. ದ್ವೀಪಗಳನ್ನು ಕಟ್ಟುವ ಹವಳಗಳು ಬೇರೆ. ಅವು ಬಿಸಿಲುನಾಡಿನ ಬೆಚ್ಚಗಿನ ಕಡಲುಗಳಲ್ಲಿ ಬೆಳೆಯುವುವು. ಹಳೆಯ ಪುಸ್ತಕಗಳು ಇವುಗಳನ್ನು ಹವಳದ ಹುಳುಗಳೆಂದು ಕರೆದಿವೆ. ಆದರೆ ಅವು ಹುಳುಗಳಲ್ಲ. ಬಂಡೆಗೆ ಅಂಟಿಕೊಂಡು, ಹೂವಿನ ಎಸಳುಗಳಂತೆ ಕೈಗಳನ್ನು ಅರಳಿಸಿ, ತಾಗಿದ ಸಣ್ಣ ಜೀವಿಯನ್ನು ಕುಟುಕಿ ಹಿಡಿದು ನುಂಗುವ ಅನಿಮೋನ್ ಎಂಬ ಕಡಲಹೂವಿನ ದಾಯಾದಿಗಳಿವು. ಅನಿಮೋನಿನ ಮೈ ಮೆತ್ತಗೆ. ಹವಳದ ಜೀವಿಯಾದರೋ ತನ್ನ ಕೆಳಗೆ ಸುಣ್ಣದ ಗೂಡನ್ನು ಕಟ್ಟಿಕೊಳ್ಳುವುದು. ಒಂದರಿಂದ ಒಂದು ಚಿಗುರಿ ಸಾವಿರಾರು ಜೀವಿಗಳು ಒಂದೇ ಮೈಯಾಗಿ ಬಾಳುವುವು. ಸತ್ತವುಗಳ ಗೂಡಿನ ಮೇಲೆ ಬದುಕಿರುವವುಗಳು ಕಟ್ಟುತ್ತ ಹೋಗಿ ಮೈಲಿಗಟ್ಟಲೆ ಉದ್ದದ ದಿಬ್ಬಗಳಾಗುವುವು. ಅಂಥ ದಿಬ್ಬದ ಸಂದುಗಳಲ್ಲಿ ಏಡಿ, ಕಡಲಸೌತೆ, ನಕ್ಷತ್ರಮೀನು, ಬಣ್ಣಬಣ್ಣದ ಮೀನುಗಳು ಮೊದಲಾದ ಎಣಿಕೆಯಿಲ್ಲದ ಪ್ರಾಣಿಗಳು ಮನೆಮಾಡಿಕೊಂಡಿರುವುವು.

ಇಲ್ಲಿ ಒಂದು ಒಗಟು. ದಿಬ್ಬ ಕಟ್ಟುವ ಹವಳಗಳು ಹೆಚ್ಚಾಗಿ ಇಪ್ಪತ್ತು ಮೂವತ್ತು ಮಾರಿನೊಳಗಿನ ನೀರಿನಲ್ಲಿಯೇ ಹುಲುಸಾಗಿ ಬೆಳೆಯುವುವು. ಅದಕ್ಕಿಂತ ಕೆಳಗೆ ಬೆಳಕು ಸಾಲದು. ಹಾಗಿದ್ದರೆ ತಳವೇ ಸಿಕ್ಕದ ಮಹಾಸಾಗರದ ನಡುವೆ, ಉಂಗುರದಂತೆ ದುಂಡಾಗಿ, ಒಳಗೆ ತಿಳಿನೀರಿನ ಕೊಳವನ್ನು ಇಟ್ಟುಕೊಂಡು, ಹವಳದ ದ್ವೀಪಗಳು ಹೇಗೆ ಎದ್ದು ನಿಂತವು? ಇವಕ್ಕೆ ಅಟಾಲ್ ಎಂದು ಹೆಸರು. ಇದು ಮಾಲ್ಡೀವ್ ದ್ವೀಪಗಳ ಭಾಷೆಯಿಂದ ಬಂದ ಮಾತು. ನಮ್ಮವರಿಗೂ ಇವು ದೂರದವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ಎಂಬ ಅಮಿನದೀವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತಕ್ಕೆ ಸೇರಿದ್ದು, ಅನಂತರ ಲಕ್ಷದ್ವೀಪ ಸಮೂಹದೊಡನೆ ಕೂಡಿದವು. ಡಾರ್ವಿನನ ಕಾಲದಲ್ಲಿ ಭೂಶಾಸ್ತ್ರಕ್ಕೆ ಗುರುವೆನಿಸಿದ್ದ ಚಾರ್ಲ್ಸ್ ಲಯಲ್, ಸಮುದ್ರದಲ್ಲಿ ಮುಳುಗಿದ ಅಗ್ನಿಪರ್ವತಗಳ ಬಾಯಂಚಿನ ಮೇಲೆ ಹವಳಗಳು ಬೆಳೆದು ಈ ಉಂಗುರಗಳಾದವೆಂದು ಬರೆದಿದ್ದನು. ಮೂವತ್ತು ನಲವತ್ತು ಮೈಲಿ ಅಗಲದ ಉಂಗುರಗಳೂ ಇರುವುದರಿಂದ ಅಷ್ಟು ದೊಡ್ಡ ಬಾಯಿಗಳು ಅಗ್ನಿಪರ್ವತಗಳಿಗೆ ಇದ್ದವೆಂದು ಡಾರ್ವಿನನಿಗೆ ನಂಬುಗೆಯಾಗಲಿಲ್ಲ.

ಆಶ್ಚರ್ಯವೇನೆಂದರೆ, ನಿಜವಾದ ಹವಳದ ದಿಬ್ಬವೊಂದನ್ನೂ ಕಾಣುವುದಕ್ಕೆ ಮೊದಲೇ, ದಕ್ಷಿಣ ಅಮೆರಿಕದ ಪಶ್ಚಿಮ ತೀರದಲ್ಲಿರುವಾಗ, ಆತನು ಉತ್ತರವನ್ನು ಊಹಿಸಿದನು. 1835ನೆಯ ಫೆಬ್ರವರಿ 20ರಂದು ಚಿಲಿ ದೇಶದಲ್ಲಿ ಮಹಾ ಭೂಕಂಪವಾಯಿತು. ವಾಲ್ಡಿವಿಯದ ಕಾಡಿನಲ್ಲಿ ದಣಿವಾರಿಸಿಕೊಳ್ಳಲು ಮಲಗಿದ್ದ ಆತನ ಕೆಳಗೆ ನೆಲವು ತೂಗಾಡಿತು. ಕೆಲವು ದಿನಗಳ ಮೇಲೆ ಹಡಗು ಕನ್ಸೆಪ್ಸಿಯೋನ್ ಪಟ್ಟಣಕ್ಕೆ ಬಂದಾಗ ಅಲ್ಲಿ ವಾಸಯೋಗ್ಯವಾದ ಮನೆಯೊಂದೂ ಉಳಿದಿರಲಿಲ್ಲ. ಕೊಲ್ಲಿಯ ಸುತ್ತಲಿನ ನೆಲವು ಎರಡು ಮೂರು ಅಡಿಗಳಷ್ಟು ಮೇಲೆದ್ದಿತ್ತು. ಹತ್ತಿರದ ಸಾಂತ ಮರಿಯ ದ್ವೀಪದಲ್ಲಿ ಬಂಡೆಗೆ ಅಂಟಿದ್ದ ಕಡಲ ಚಿಪ್ಪುಗಳು ಭರತದ ಗೆರೆಗಿಂತ ಹತ್ತು ಅಡಿ ಮೇಲೆ ಸತ್ತು ಕೊಳೆಯುತ್ತಿರುವುದನ್ನು ಫಿಟ್ಸ್‌ರಾಯ್ ಕಂಡನು. ಆಂಡೀಸ್ ಪರ್ವತದ ನೆತ್ತಿಯಲ್ಲಿ ಕಲ್ಲಾಗಿ ಹೋದ ಸಮುದ್ರದ ಚಿಪ್ಪುಗಳನ್ನು ಡಾರ್ವಿನನೇ ಕಂಡನು. ಭೂಮಿಯು ಒಂದೆಡೆ ಮೆಲ್ಲಮೆಲ್ಲನೆ ಏಳುವುದು ನಿಜವಾದರೆ, ಇನ್ನೊಂದೆಡೆ ಮಹಾಸಾಗರದ ತಳವು ಮೆಲ್ಲಮೆಲ್ಲನೆ ಇಳಿಯುತ್ತಿರಬೇಕಲ್ಲವೇ? ಇಳಿಯುವ ದ್ವೀಪದ ಅಂಚಿನಲ್ಲಿ ಹವಳವು ಬೆಳೆಯುತ್ತಿದ್ದರೆ ಏನಾಗುವುದು?

ಆತನ ಉತ್ತರವನ್ನು ಒಂಬತ್ತನೆಯ ತರಗತಿಯ ಬಾಲಿಕೆಯೂ ತಿಳಿಯಬಲ್ಲಳು. ಕಡಲಿನಲ್ಲಿ ಒಂದು ಅಗ್ನಿಪರ್ವತದ ದ್ವೀಪವಿದೆಯೆಂದು ಇಟ್ಟುಕೊಳ್ಳಿರಿ. ಅದರ ದಡಕ್ಕೆ ತಾಗಿ ಹವಳವು ಸೀರೆಯ ಅಂಚಿನಂತೆ ಬೆಳೆಯುವುದು. ದ್ವೀಪವು ನಿಧಾನವಾಗಿ ಕುಸಿಯತೊಡಗಿದರೆ ಹವಳವೂ ಅದರೊಡನೆ ಇಳಿಯಬೇಕು. ಆದರೆ ಅದು ಬೆಳಕಿನ ಕಡೆಗೆ ಮೇಲೆ ಮೇಲೆ ಕಟ್ಟುತ್ತ ನೀರಿನ ಮಟ್ಟದಲ್ಲಿಯೇ ನಿಲ್ಲುವುದು. ಬೆಟ್ಟದ ಇಳಿಜಾರು ಒಳಕ್ಕೆ ಸರಿದಂತೆಲ್ಲ ನೆಲಕ್ಕೂ ದಿಬ್ಬಕ್ಕೂ ನಡುವೆ ನೀರು ತುಂಬಿ, ದಿಬ್ಬವು ದೂರದ ಗೋಡೆಯಾಗುವುದು. ಕಡೆಗೆ ಬೆಟ್ಟದ ತುದಿಯೂ ಮುಳುಗಿಹೋದರೆ ಉಳಿಯುವುದು ಹವಳದ ಉಂಗುರ, ನಡುವೆ ಕೊಳ. ದಡದ ದಿಬ್ಬ, ಗೋಡೆಯ ದಿಬ್ಬ, ಉಂಗುರದ್ವೀಪ ಇವು ಮೂರು ಬೇರೆ ಬೇರೆ ವಸ್ತುಗಳಲ್ಲ, ಒಂದೇ ವಸ್ತುವಿನ ಮೂರು ವಯಸ್ಸುಗಳು.

1835ನೆಯ ನವೆಂಬರಿನಲ್ಲಿ ಹಡಗು ಟಹೀಟಿ ದ್ವೀಪವನ್ನು ಸೇರಿತು. ಡಾರ್ವಿನನು ಗುಡ್ಡವನ್ನು ಹತ್ತಿ ನೋಡಲಾಗಿ, ಎದುರಿಗೆ ಮೂರಿಯ ದ್ವೀಪದ ಬೆಟ್ಟವೂ, ಅದರ ಸುತ್ತ ಶಾಂತವಾದ ನೀರೂ, ಆಚೆಗೆ ಅಲೆಗಳು ಒಡೆಯುವ ಬಿಳಿಯ ಗೆರೆಯೂ ಕಾಣಿಸಿದವು. ಆ ಬೆಟ್ಟವನ್ನು ತೆಗೆದುಬಿಟ್ಟರೆ ಉಳಿಯುವುದು ಉಂಗುರದ್ವೀಪವೇ ಎಂದು ಆತನಿಗೆ ನಿಶ್ಚಯವಾಯಿತು. ಅಲ್ಲಿಯ ಮಿಶನರಿಗಳ ಕೆಲಸವನ್ನೂ ಆತನು ಕಣ್ಣಾರೆ ನೋಡಿದನು. ಅವರನ್ನು ಹಳಿದು ಬರೆದ ಪ್ರವಾಸಿಗಳ ಮಾತು ಅನ್ಯಾಯವೆಂದು ಕಂಡುಕೊಂಡು, ಫಿಟ್ಸ್‌ರಾಯನೊಡನೆ ಕೂಡಿ ಮಿಶನರಿಗಳ ಪರವಾಗಿ ಬರೆದ ಪತ್ರವು 1836ರಲ್ಲಿ ದಕ್ಷಿಣ ಆಫ್ರಿಕದ ಒಂದು ಕ್ರೈಸ್ತ ಪತ್ರಿಕೆಯಲ್ಲಿ ಅಚ್ಚಾಯಿತು. ಡಾರ್ವಿನನ ಹೆಸರಿಗೇ ಬೆದರುವವರು ಇದನ್ನು ಕೇಳಿರಲಾರರು.

1836ನೆಯ ಏಪ್ರಿಲ್ 1ರಂದು ಬೀಗಲ್ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ ಬಂದಿತು. ಇವನ್ನು ಕೊಕೋಸ್ ದ್ವೀಪಗಳೆಂದೂ ಕರೆಯುವರು. ಹವಳವಲ್ಲದ ಕಲ್ಲು ಅಲ್ಲಿ ಸಿಕ್ಕುವುದು ಅಪರೂಪ. ಎಲ್ಲೆಲ್ಲಿಯೂ ತೆಂಗಿನ ಮರಗಳು. ಅಲ್ಲಿ ಕಳೆದ ಹನ್ನೆರಡು ದಿನಗಳು ಆತನ ಊಹೆಗೆ ಪರೀಕ್ಷೆಯ ದಿನಗಳಾದವು. ಮೊಣಕಾಲುದ್ದದ ನೀರಿನಲ್ಲಿ ನಡೆದು, ಹವಳದ ಮೇಲೆ ಎಡವುತ್ತ, ಹೊರ ಅಂಚಿನ ಕಡೆಗೆ ಹೋದನು. ಮಹಾಸಾಗರದ ಅಲೆಯು ಬಿಡುವಿಲ್ಲದೆ ಅಪ್ಪಳಿಸುವ ಆ ಅಂಚನ್ನು ಎರಡೇ ಸಲ ಮುಟ್ಟಲು ಸಾಧ್ಯವಾಯಿತು. ಅಲ್ಲಿ ನೋಡಿದರೆ, ಅಲೆಯ ಪೆಟ್ಟು ಎಲ್ಲಿ ಬಲವೋ ಅಲ್ಲಿಯೇ ಹವಳವು ಜೀವಕಳೆಯಿಂದ ದಟ್ಟವಾಗಿ ಬೆಳೆದಿತ್ತು. ಒಳಗಿನ ಶಾಂತವಾದ ಕೊಳದಲ್ಲಿ ಬೆಳೆಯುವ ಹವಳಗಳು ಬೇರೆ ಬಗೆಯವು, ನಾಜೂಕಿನ ಕೊಂಬೆಗಳುಳ್ಳವು. ಮುಟ್ಟಿದರೆ ತುರಿಚದ ಸೊಪ್ಪಿನಂತೆ ಉರಿಯುವ ಒಂದು ಜಾತಿಯ ಕೊಂಬೆಯನ್ನು ಆತನು ತನ್ನ ಮುಖಕ್ಕೇ ತಾಗಿಸಿ ಪರೀಕ್ಷಿಸಿದನು. ಹವಳವನ್ನು ಮೇಯುವ ಮೀನುಗಳನ್ನು ಸೀಳಿ, ಕರುಳಿನಲ್ಲಿ ಸುಣ್ಣದ ಕೆಸರಿರುವುದನ್ನು ಕಂಡನು. ತೆಂಗಿನಕಾಯಿಯ ನಾರನ್ನು ಕಣ್ಣಿರುವ ಕಡೆಯಿಂದಲೇ ಎಳೆಎಳೆಯಾಗಿ ಸುಲಿದು, ಕೊಂಡಿಯಿಂದ ಕುಟ್ಟಿ ಕಾಯನ್ನು ತೂತುಮಾಡಿ ತಿನ್ನುವ ದೊಡ್ಡ ಏಡಿಯ ವಿಷಯವನ್ನೂ ವಿಚಾರಿಸಿ ಬರೆದುಕೊಂಡನು.

ಆಳವನ್ನು ಅಳೆಯುವ ಕೆಲಸವು ಫಿಟ್ಸ್‌ರಾಯನದು. ಸೀಸದ ಗುಂಡಿನ ತಳಕ್ಕೆ ಕೊಬ್ಬು ಮೆತ್ತಿ ಹಗ್ಗದಿಂದ ಇಳಿಬಿಡುವರು. ಹತ್ತು ಮಾರಿನೊಳಗೆ ಇಳಿಸಿದಾಗ ಕೊಬ್ಬಿನ ಮೇಲೆ ಜೀವಂತ ಹವಳದ ಅಚ್ಚು ಮೂಡಿ, ಮರಳಿನ ಕಣವೊಂದೂ ಇಲ್ಲದೆ ಬರುತ್ತಿತ್ತು. ಆಳ ಹೆಚ್ಚಿದಂತೆ ಅಚ್ಚುಗಳು ಕಡಿಮೆಯಾಗಿ ಮರಳು ಹೆಚ್ಚುತ್ತ ಹೋಗಿ, ಕೊನೆಗೆ ಬರಿಯ ಮರಳೇ ಅಂಟಿಬಂದಿತು. ದಡದಿಂದ ಒಂದೂಕಾಲು ಮೈಲಿ ದೂರದಲ್ಲಿ 7,200 ಅಡಿ ಹಗ್ಗವನ್ನು ಬಿಟ್ಟರೂ ತಳವು ತಾಗಲಿಲ್ಲ. ಈ ದ್ವೀಪವು ಕಡಲಿನ ಆಳದಿಂದ ಕಡಿದಾಗಿ ಎದ್ದ ಒಂದು ಮಹಾಪರ್ವತವೆಂಬುದಕ್ಕೆ ಇನ್ನೇನು ಬೇಕು?

ಊರಿಗೆ ಬಂದ ಮೇಲೆ, 1837ನೆಯ ಮೇ 31ರಂದು, ಲಂಡನಿನ ಭೂಶಾಸ್ತ್ರ ಸಂಘದಲ್ಲಿ ಈ ವಿಚಾರವನ್ನು ಓದಿದನು. ತನ್ನ ಗ್ರಂಥದ ಮಾತನ್ನೇ ಅಲ್ಲಗಳೆದ ಈ ತರುಣನ ಮೇಲೆ ಲಯಲ್ ಸಿಟ್ಟಾಗಲಿಲ್ಲ; ತನ್ನ ಅಗ್ನಿಪರ್ವತದ ಬಾಯಿಯ ವಾದವನ್ನು ಸಂತೋಷದಿಂದಲೇ ಕೈಬಿಟ್ಟನು. ಗುರುವಿನ ಈ ದೊಡ್ಡತನವು ಶಿಷ್ಯನ ಬುದ್ಧಿಗಿಂತ ಕಡಿಮೆಯದೆಂದು ನನಗೆ ತೋರುವುದಿಲ್ಲ. ಗ್ರಂಥಕ್ಕೆ ಇಪ್ಪತ್ತು ತಿಂಗಳ ದುಡಿಮೆ ಹಿಡಿಯಿತು. ತಾನು ಕಾಣದ ದ್ವೀಪಗಳಿಗಾಗಿ ಆತನು ನೂರಾರು ನಾವಿಕರ ಬರಹಗಳನ್ನೂ ನಕ್ಷೆಗಳನ್ನೂ ಶೋಧಿಸಿದನು. ನಮ್ಮ ನೆರೆಯ ಮಾಲ್ಡೀವ್ ದ್ವೀಪಗಳ ವಿಷಯಕ್ಕೆ ಆಧಾರವಾದದ್ದು ಇಂಡಿಯಾ ನೌಕಾದಳದ ಮೋರ್ಸ್‌ಬಿ ಎಂಬ ಅಧಿಕಾರಿಯ ಮೋಜಣಿ.

ಈ ನಡುವೆ 1839ರಲ್ಲಿ ಡಾರ್ವಿನನು ಸೋದರಿಕೆಯ ಎಮ್ಮಾ ವೆಜ್‌ವುಡ್ ಎಂಬಾಕೆಯನ್ನು ಮದುವೆಯಾದನು. 1842ರಲ್ಲಿ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯಲ್ಲಿ ನೆಲಸಿದ ಮೇಲೆ ಆತನು ಮತ್ತೆ ಸಮುದ್ರಯಾನ ಮಾಡಲಿಲ್ಲ. ಬಿಡದ ಅಸ್ವಸ್ಥತೆಯು ಆತನನ್ನು ಹಿಡಿದಿದ್ದಿತು. ದಿನಕ್ಕೆ ಕೆಲವೇ ಗಂಟೆ ಕೆಲಸ, ಉಳಿದದ್ದು ವಿಶ್ರಾಂತಿ. ಎಮ್ಮಾ ಆತನಿಗೆ ದಾದಿಯೂ ಆಗಿ, ಓದಿ ಹೇಳುವವಳೂ ಆಗಿ, ಹತ್ತು ಮಕ್ಕಳ ತಾಯಿಯಾಗಿ ನಲವತ್ತಮೂರು ವರ್ಷ ನಡೆಸಿದಳು. ಆಕೆ ದೃಢವಾದ ದೈವಭಕ್ತೆ. ಗಂಡನ ಮನಸ್ಸಿನಲ್ಲಿ ಏಳುತ್ತಿದ್ದ ಸಂದೇಹಗಳು ಆಕೆಗೆ ಮೊದಲಿನಿಂದಲೂ ತಿಳಿದಿದ್ದವು. ಅವುಗಳಿಂದ ತನಗಾಗುವ ನೋವನ್ನು ಆಕೆ ಪತ್ರ ಬರೆದು ತಿಳಿಸಿದಳಲ್ಲದೆ ಎಂದೂ ಜಗಳವಾಡಲಿಲ್ಲ; ಆತನು ಆ ಪತ್ರವನ್ನು ಕಡೆಯ ವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದನು.

1851ನೆಯ ಏಪ್ರಿಲ್ 23ರಂದು ಅವರ ಹತ್ತು ವರ್ಷದ ಮಗಳು ಆನಿ ಮಾಲ್ವರ್ನ್ ಎಂಬ ಊರಿನಲ್ಲಿ ತೀರಿಹೋದಳು. ಚಿಕಿತ್ಸೆಗೆಂದು ಕರೆದೊಯ್ದ ತಂದೆಯು ಮಂಚದ ಬಳಿಯಿದ್ದನು. ತುಂಬು ಗರ್ಭಿಣಿಯಾಗಿದ್ದ ತಾಯಿಯು ಡೌನಿನಲ್ಲಿ ಉಳಿದಿದ್ದಳು. ಅದಕ್ಕೆ ಮೊದಲೇ ಸಡಿಲವಾಗಿದ್ದ ಆತನ ಕ್ರೈಸ್ತ ನಂಬಿಕೆಯು ಆಮೇಲೆ ಚೇತರಿಸಿಕೊಳ್ಳಲಿಲ್ಲ. ಮನೆಯವರು ದೇವಾಲಯಕ್ಕೆ ಹೋಗುವರು, ಆತನು ಹೋಗನು. ಆದರೂ ಊರಿನ ಸಭಾಪಾಲಕನಾದ ಇನ್ನೆಸ್ ಆತನಿಗೆ ಆಪ್ತಮಿತ್ರನು. ಸಭೆಯ ವತಿಯಿಂದ ಬಡವರಿಗೆ ಕಲ್ಲಿದ್ದಲನ್ನೂ ಬಟ್ಟೆಯನ್ನೂ ಒದಗಿಸುವ ನಿಧಿಯ ಲೆಕ್ಕವನ್ನು ಆತನೇ ಬಹುಕಾಲ ನೋಡಿಕೊಂಡನು. ದಕ್ಷಿಣ ಅಮೆರಿಕದ ತುದಿಯ ಫ್ಯೂಜಿಯ ಜನರನ್ನು ಯಾವ ಮಿಶನೂ ತಿದ್ದಲಾರದೆಂದು ಯೌವನದಲ್ಲಿ ನಂಬಿದ್ದವನು, ಅಲ್ಲಿಯ ಕೆಲಸವು ಫಲಿಸಿತೆಂದು ಹಳೆಯ ಸಹನಾವಿಕನಾದ ಸಲಿವನನಿಂದ ತಿಳಿದಾಗ, ತನ್ನೆಣಿಕೆ ತಪ್ಪಾಯಿತೆಂದು ಒಪ್ಪಿ ಆ ಮಿಶನಿಗೆ ಚಂದಾ ಕಳುಹಿಸುತ್ತ ಬಂದನು.

ಕ್ರೈಸ್ತ ಮನೆಗಳಲ್ಲಿ ಇಂದಿಗೂ ಸಂಚರಿಸುವ ಒಂದು ಕಥೆಯ ವಿಷಯ ಇಲ್ಲಿ ಹೇಳದಿದ್ದರೆ ತಪ್ಪಾದೀತು. ಡಾರ್ವಿನನು ಕೊನೆಗಾಲದಲ್ಲಿ ಸತ್ಯವೇದವನ್ನು ಹಿಡಿದು, ತನ್ನ ಸಿದ್ಧಾಂತಗಳಿಗಾಗಿ ಪಶ್ಚಾತ್ತಾಪಪಟ್ಟು, ಭಕ್ತನಾಗಿ ಸತ್ತನೆಂದು ಲೇಡಿ ಹೋಪ್ ಎಂಬಾಕೆಯ ಹೆಸರಿನಲ್ಲಿ 1915ರಲ್ಲಿ ಅಮೆರಿಕದ ಒಂದು ಧಾರ್ಮಿಕ ಪತ್ರಿಕೆಯು ಪ್ರಕಟಿಸಿತು. ತಂದೆಯ ಮರಣಶಯ್ಯೆಯ ಬಳಿಯಿದ್ದ ಮಗಳು ಹೆನ್ರಿಯೆಟ್ಟಾ ಇದು ನಿಜವಲ್ಲವೆಂದು 1922ರಲ್ಲಿ ಒಂದು ಕ್ರೈಸ್ತ ಪತ್ರಿಕೆಯಲ್ಲಿಯೇ ಸ್ಪಷ್ಟವಾಗಿ ಬರೆದಳು. ಆತನು ತನ್ನನ್ನು ನಾಸ್ತಿಕನೆಂದು ಹೇಳಿಕೊಳ್ಳಲಿಲ್ಲ; ತನ್ನಿಂದ ತಿಳಿಯಲಾಗದೆಂದು ಹೇಳುವವನಾಗಿ ಬಾಳಿ ಹಾಗೆಯೇ ಸತ್ತನು. ಇದರಿಂದ ನಮಗೆ ದುಃಖವಾಗಬಹುದು. ಆದರೆ ಸುಳ್ಳಿನ ಊರುಗೋಲು ಸುವಾರ್ತೆಗೆ ಬೇಕಾಗಿಲ್ಲ. ಅಂಥ ಕಥೆಯನ್ನು ನಮ್ಮ ಬಾಲಿಕೆಯರಿಗೆ ಹೇಳಿಕೊಡಬಾರದೆಂದು ನಾನು ದೃಢವಾಗಿ ಹೇಳುವೆನು.

ಎಂಟು ವರ್ಷ ಬಾರ್ನಕಲ್ ಎಂಬ ಕಡಲಜೀವಿಗಳ ಶೋಧನೆ, 1859ರ ಮಹಾಗ್ರಂಥ, ಅದರಿಂದೆದ್ದ ಗದ್ದಲ ಇವೆಲ್ಲವೂ ಬೇರೆ ಪುಸ್ತಕಗಳಲ್ಲಿ ಧಾರಾಳವಾಗಿ ಸಿಕ್ಕುವುವು. ಹವಳದ ಕಡೆಗೇ ತಿರುಗೋಣ. ಮುಪ್ಪಿನಲ್ಲಿ ಆತನ ಈ ಮೊದಲ ಸಿದ್ಧಾಂತಕ್ಕೆ ಎದುರಾಳಿಗಳು ಹುಟ್ಟಿದರು. ಚಾಲೆಂಜರ್ ಹಡಗಿನಲ್ಲಿ ಸಾಗರಗಳನ್ನು ಶೋಧಿಸಿ ಬಂದ ಜಾನ್ ಮರೇ 1880ರಲ್ಲಿ, ತಳವು ಕುಸಿಯಬೇಕಾಗಿಲ್ಲ, ಕಡಲಿನಲ್ಲಿ ಸುರಿಯುವ ಸೂಕ್ಷ್ಮಜೀವಿಗಳ ಚಿಪ್ಪೇ ರಾಶಿಬಿದ್ದು ದಿಬ್ಬಗಳಿಗೆ ಅಡಿಪಾಯವಾಗಬಹುದೆಂದು ವಾದಿಸಿದನು. ಅಮೆರಿಕದ ಅಲೆಕ್ಸಾಂಡರ್ ಅಗಾಸಿಜ್ ಕೂಡ ವಿರೋಧ ಪಕ್ಷವನ್ನು ಹಿಡಿದನು. ಡಾರ್ವಿನನು ಕೆರಳಲಿಲ್ಲ. 1881ರಲ್ಲಿ ಅಗಾಸಿಜನಿಗೇ ಬರೆದ ಪತ್ರದಲ್ಲಿ, ತನ್ನದು ತಪ್ಪಾಗಿದ್ದರೆ ಅದು ಬೇಗ ಗೊತ್ತಾಗುವುದೇ ಮೇಲೆಂದೂ, ಯಾರಾದರೂ ಕೋಟ್ಯಧೀಶನು ಹಣ ಕೊಟ್ಟು ಉಂಗುರದ್ವೀಪವೊಂದರಲ್ಲಿ ಐದಾರು ನೂರು ಅಡಿ ಭೈರಿಗೆ ಹಾಕಿಸಿ ಕಲ್ಲನ್ನು ತೆಗೆಸಿದರೆ ಒಳ್ಳೆಯದೆಂದೂ ಸೂಚಿಸಿದನು. ಮರುವರ್ಷ, 1882ನೆಯ ಏಪ್ರಿಲ್ 19ರಂದು, ಎಮ್ಮಾ ಪಕ್ಕದಲ್ಲಿರಲಾಗಿ ಮೃತನಾದನು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಆತನನ್ನು ಸಮಾಧಿ ಮಾಡಿದರು.

ಆ ಭೈರಿಗೆಯನ್ನು ಕೊನೆಗೂ ಹಾಕಿದರು. ರಾಯಲ್ ಸೊಸೈಟಿಯವರು ಪೆಸಿಫಿಕ್ ಸಾಗರದ ಫುನಾಫುಟಿ ದ್ವೀಪಕ್ಕೆ 1896ರಲ್ಲಿ ಕಳುಹಿಸಿದ ಮೊದಲ ತಂಡವು ನೂರು ಅಡಿಯ ಸುಮಾರಿನಲ್ಲಿಯೇ ಸೋತಿತು. 1897ರಲ್ಲಿ ಸಿಡ್ನಿಯ ಪ್ರೊಫೆಸರ್ ಎಜ್‌ವರ್ತ್ ಡೇವಿಡ್ ಹೋದನು. ಜೊತೆಯಲ್ಲಿ ಆತನ ಹೆಂಡತಿ ಕಾರಾ. ಈಕೆ ಲಂಡನಿನ ವೈಟ್‌ಲ್ಯಾಂಡ್ಸ್ ಕಾಲೇಜಿನಲ್ಲಿ ತರಬೇತಿ ಹೊಂದಿ, ಸಿಡ್ನಿಯ ಬಳಿ ಅಧ್ಯಾಪಿಕೆಯರ ಶಿಕ್ಷಣಶಾಲೆಗೆ ಮುಖ್ಯಸ್ಥೆಯಾಗಿ ಬಂದಿದ್ದವಳೆಂದು ಬರೆಯುವಾಗ ನನಗೆ ಸ್ವಲ್ಪ ಹೆಮ್ಮೆಯಾಗುವುದನ್ನು ವಾಚಕರು ಕ್ಷಮಿಸಬೇಕು. ಯಂತ್ರಗಳು ನೆಲವನ್ನು ಕೊರೆಯುತ್ತಿರುವಾಗ ಆಕೆ ದ್ವೀಪದ ಹೆಂಗಸರೊಡನೆ ಬೆರೆತು, ಅವರ ನಡೆನುಡಿಗಳನ್ನು ತಿಳಿದು ಬರೆದ ಪುಸ್ತಕವು 1899ರಲ್ಲಿ ಪ್ರಕಟವಾಯಿತು; ಇಂದಿಗೂ ಓದಲು ಹಿತವಾಗಿದೆ. 1898ರಲ್ಲಿ ಭೈರಿಗೆಯು 1,114 ಅಡಿಗಳ ವರೆಗೆ ಇಳಿಯಿತು. ಸಿಕ್ಕಿದ್ದು ಮೇಲಿನಿಂದ ಕೆಳಗಿನ ವರೆಗೂ ಹವಳದ ಸುಣ್ಣಕಲ್ಲೇ. ಅಗ್ನಿಪರ್ವತದ ಕಲ್ಲು ಸಿಕ್ಕಲಿಲ್ಲ. ಎರಡು ಪಕ್ಷದವರೂ ತಾವೇ ಗೆದ್ದೆವೆಂದರು.

ಬೆಳಕಿಲ್ಲದೆ ಹವಳವು ಏಕೆ ಬೆಳೆಯದೆಂಬುದು ಡಾರ್ವಿನನಿಗೆ ತಿಳಿದಿರಲಿಲ್ಲ. ಹವಳದ ಮೈಯೊಳಗೆ ಸೂಕ್ಷ್ಮವಾದ ಪಾಚಿಯು ವಾಸಿಸುತ್ತ, ಬಿಸಿಲಿನಿಂದ ತಾನು ತಯಾರಿಸಿದ ಆಹಾರದಲ್ಲಿ ಬಹುಪಾಲನ್ನು ಮನೆಯೊಡೆಯನಿಗೆ ಕೊಡುವುದೆಂದು ಆಮೇಲಿನವರು ಕಂಡುಹಿಡಿದರು. ಕಡಲು ಮಿತಿಮೀರಿ ಬಿಸಿಯಾದರೆ ಹವಳವು ಆ ಪಾಚಿಯನ್ನು ಹೊರಹಾಕಿ ಬಿಳಿಚಿಕೊಂಡು, ಬಿಸಿ ತಗ್ಗದಿದ್ದರೆ ಸಾಯುವುದು. 1998ರಲ್ಲಿಯೂ 2010ರಲ್ಲಿಯೂ 2016ರಲ್ಲಿಯೂ ಲಕ್ಷದ್ವೀಪದಲ್ಲಿ ಹೀಗೆ ನಡೆಯಿತು. ಹಿಮಯುಗಗಳಲ್ಲಿ ಸಮುದ್ರದ ಮಟ್ಟವು ನೂರಾರು ಅಡಿ ಇಳಿದು ಏರಿದ್ದೂ ದಿಬ್ಬಗಳ ಆಕಾರಕ್ಕೆ ಕಾರಣವಾಗಿದೆ. ಅದನ್ನು ಆತನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಡೆಯ ಸಾಕ್ಷ್ಯವು ಆತನು ಸತ್ತ ಎಪ್ಪತ್ತು ವರ್ಷಗಳ ಮೇಲೆ ದೊರಕಿತು. 1952ರಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬ ಉಂಗುರದ್ವೀಪದಲ್ಲಿ ಎರಡು ಕಡೆ ಭೈರಿಗೆ ಹಾಕಿದರು. ನಾಲ್ಕು ಸಾವಿರ ಅಡಿಗಳಿಗೂ ಹೆಚ್ಚು ದಪ್ಪದ, ಆಳವಿಲ್ಲದ ನೀರಿನಲ್ಲಿ ಬೆಳೆದ ಜೀವಿಗಳ ಸುಣ್ಣಕಲ್ಲನ್ನು ದಾಟಿದ ಮೇಲೆ ಅಗ್ನಿಪರ್ವತದ ಕಪ್ಪು ಕಲ್ಲು ತಾಗಿತು. ತಳದ ಹವಳದ ವಯಸ್ಸು ಸುಮಾರು ಐದು ಕೋಟಿ ವರ್ಷ. ಸಾವಿರ ವರ್ಷಕ್ಕೆ ಒಂದು ಅಂಗುಲಕ್ಕಿಂತ ತುಸು ಹೆಚ್ಚಾಗಿ ಆ ಬೆಟ್ಟವು ಕುಸಿಯುತ್ತ ಬಂದಿತ್ತು. ಹವಳವು ಒಂದು ಸಲವೂ ಸೋಲದೆ ಕಟ್ಟುತ್ತ ಬಂದಿತ್ತು. ಭೈರಿಗೆ ಹಾಕಿದ ಎರಡು ಸ್ಥಳಗಳಲ್ಲಿ ಒಂದು ಎಲುಗೆಲಾಬ್ ಎಂಬ ಕಿರುದ್ವೀಪ. ಅದೇ ವರ್ಷ ನವೆಂಬರ್ 1ರಂದು ಅಲ್ಲಿ ಮೊದಲನೆಯ ಹೈಡ್ರೊಜನ್ ಬಾಂಬನ್ನು ಪರೀಕ್ಷಿಸಿದರು. ಆ ಬೆಳಗಿನಿಂದ ಎಲುಗೆಲಾಬ್ ಇಲ್ಲ. ಅದಿದ್ದ ಕಡೆ ಹವಳದ ದಿಬ್ಬದಲ್ಲಿ ಒಂದು ಮೈಲಿಗೂ ಹೆಚ್ಚು ಅಗಲದ ಕುಳಿಯಿದೆ.